ತಿಳಿಯದಿರುವ ಹಕ್ಕು

ನನ್ನ ಮಿತ್ರರಾದ ರಾಯರ ಮನೆಯಲ್ಲಿ ಒಂದು ಹಳೆಯ ಟ್ರಂಕು ಇದೆ. ಅದರ ತಳದಲ್ಲಿ, ಜಮೀನಿನ ಪತ್ರಗಳ ಕೆಳಗೆ, ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಅವರ ಜಾತಕವಿದೆ. ಬರೆದವರು ಅವರ ಸೋದರಮಾವ; ಆ ಸುತ್ತಿನಲ್ಲೆಲ್ಲ ಜ್ಯೋತಿಷ್ಯಕ್ಕೆ ಹೆಸರಾದವರಂತೆ. ಕುಂಡಲಿ, ದಶೆ, ಭುಕ್ತಿ ಎಲ್ಲವನ್ನೂ ದುಂಡಾದ ಅಕ್ಷರಗಳಲ್ಲಿ ಬರೆದು, ಆಯುರ್ದಾಯದ ಲೆಕ್ಕವಿರುವ ಹಾಳೆಯನ್ನು ಮಾತ್ರ ಅದರ ಹಿಂದಿನ ಹಾಳೆಗೆ ಗೋಂದು ಹಚ್ಚಿ ಅಂಟಿಸಿಬಿಟ್ಟಿದ್ದಾರೆ. ರಾಯರಿಗೆ ಈಗ ಎಪ್ಪತ್ತನಾಲ್ಕು. ಆ ಹಾಳೆಯನ್ನು ಅವರು ಇದುವರೆಗೆ ಬಿಡಿಸಿ ನೋಡಿಲ್ಲ.

"ಕುತೂಹಲವಾಗಲಿಲ್ಲವೆ?" ಎಂದು ಒಮ್ಮೆ ಕೇಳಿದೆ.

"ಆಗದೆ ಏನು? ಆದರೆ ಬಿಡಿಸಿ ನೋಡಿದಮೇಲೆ ಮತ್ತೆ ಅಂಟಿಸೋದಕ್ಕೆ ಬರೋಲ್ಲವಲ್ಲ ಸ್ವಾಮಿ" ಎಂದರು.

ನಾನು ಜಾತಕವನ್ನು ನಂಬುವವನಲ್ಲ. ಆ ದಿನ ಸ್ವಲ್ಪ ಜೋರಾಗಿಯೇ ವಾದ ಹೂಡಿದೆ. ಸುಳ್ಳು ಭವಿಷ್ಯಕ್ಕೆ ಹೆದರಿ ಕಣ್ಣು ಮುಚ್ಚುವುದು ಹೇಡಿತನ, ಒಂದು ವೇಳೆ ಆ ಭವಿಷ್ಯ ನಿಜವೇ ಆಗಿದ್ದರೆ ಕಣ್ಣು ಮುಚ್ಚುವುದು ಇನ್ನೂ ದೊಡ್ಡ ಹೇಡಿತನ, ವಿಚಾರವಂತನಾದವನು ತನ್ನ ಬಗ್ಗೆ ತಿಳಿಯಬಹುದಾದದ್ದನ್ನೆಲ್ಲ ತಿಳಿದುಕೊಂಡೇ ಬಾಳಬೇಕು ಎಂದೆಲ್ಲ ಹೇಳಿದೆ. ರಾಯರು ವಾದಕ್ಕೆ ಬರಲಿಲ್ಲ. ಎಲೆಯಡಿಕೆಯ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು.

ಆ ಮಾತುಗಳನ್ನು ಈಗ ಅಷ್ಟು ಜೋರಾಗಿ ಹೇಳಲಾರೆ. ಅದಕ್ಕೆ ಕಾರಣ ನಮ್ಮ ಊರಿನದಲ್ಲ, ನಮ್ಮ ದೇಶದ್ದೂ ಅಲ್ಲ. ಸಾವಿರಾರು ಮೈಲಿ ಆಚೆಯ ಒಂದು ಬೆಟ್ಟದ ಸೀಮೆಯ ಕಥೆ.

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ಆಂಟಿಯೋಕಿಯಾ ಎಂಬ ಒಂದು ಪ್ರಾಂತವಿದೆ. ಆಂಡೀಸ್ ಪರ್ವತಗಳ ಮಡಿಲು. ಮೆಡೆಯೀನ್ ಅದರ ಮುಖ್ಯ ನಗರ. ಅಲ್ಲಿಂದ ಮೇಲೆ ಮೇಲೆ ಹತ್ತಿ ಹೋದರೆ ಯಾರುಮಾಲ್, ಆಂಗೋಸ್ತೂರಾ, ಬೆಲ್ಮೀರಾ ಎಂಬಂಥ ಊರುಗಳು ಸಿಗುತ್ತವೆ. ಹಿಂದಿನ ಕಾಲದಲ್ಲಿ ಹೊರಗಿನವರು ಅಲ್ಲಿಗೆ ಬರುವುದು ಅಪರೂಪ, ಒಳಗಿನವರು ಹೊರಗೆ ಹೋಗುವುದೂ ಅಪರೂಪ. ಸಂಬಂಧಗಳೆಲ್ಲ ಅಕ್ಕಪಕ್ಕದ ಕಣಿವೆಗಳಲ್ಲೇ ಆಗುತ್ತಿದ್ದವು. ಆ ಊರುಗಳ ಕೆಲವು ಮನೆತನಗಳಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಹೊಲದ ಕೆಲಸ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದ ಗಂಡಸು, ಮನೆ ತುಂಬ ಮಕ್ಕಳನ್ನು ಹೆತ್ತು ಸಾಕಿದ ಹೆಂಗಸು, ನಲವತ್ತೈದು ದಾಟುತ್ತಿದ್ದ ಹಾಗೆ ಹೇಳಿದ್ದನ್ನೇ ಹೇಳುವುದಕ್ಕೆ ತೊಡಗುವರು. ಆಮೇಲೆ ದಾರಿ ತಪ್ಪುವರು. ಆಮೇಲೆ ತಮ್ಮ ಮಕ್ಕಳನ್ನು ಗುರುತು ಹಿಡಿಯದಾಗುವರು. ಅರವತ್ತರ ಆಸುಪಾಸಿನಲ್ಲಿ ಮಾತಿಲ್ಲದೆ, ನಡೆಯಿಲ್ಲದೆ, ಹಾಸಿಗೆಯ ಮೇಲೆ ಸಾಯುವರು. ಊರವರು ಇದನ್ನು 'ಲಾ ಬೊಬೇರಾ' ಎನ್ನುತ್ತಿದ್ದರು. ಪೆದ್ದುತನ ಎಂದು ಅರ್ಥ. ನಮ್ಮಲ್ಲಿ ಅರವತ್ತಕ್ಕೆ ಅರಳು ಮರಳು ಎಂದು ನಗುತ್ತ ಹೇಳುತ್ತೇವಲ್ಲ, ಅಂಥದೇ ಒಂದು ಮಾತು. ಆದರೆ ಅಲ್ಲಿ ಅದು ಅರವತ್ತಕ್ಕೆ ಕಾಯುತ್ತಿರಲಿಲ್ಲ. ಯಾವುದೋ ಮರವನ್ನು ಮುಟ್ಟಿದರೆ ಬರುತ್ತದೆಂದು ಕೆಲವರು ನಂಬಿದ್ದರು. ಪೂರ್ವಿಕರು ಚರ್ಚಿನ ಹಣ ಕದ್ದದ್ದಕ್ಕೆ ಪಾದ್ರಿಯೊಬ್ಬ ಕೊಟ್ಟ ಶಾಪವೆಂದು ಮತ್ತೆ ಕೆಲವರು.

1980ರ ದಶಕದಲ್ಲಿ ಫ್ರಾನ್ಸಿಸ್ಕೊ ಲೊಪೇರಾ ಎಂಬ ತರುಣ ನರರೋಗ ವೈದ್ಯರು ಈ ಕುಟುಂಬದ ಒಬ್ಬ ರೋಗಿಯನ್ನು ಮೆಡೆಯೀನಿನ ಆಸ್ಪತ್ರೆಯಲ್ಲಿ ಕಂಡರು. ಇನ್ನೂ ಐವತ್ತಾಗದ ಮನುಷ್ಯ, ಮುದುಕರ ಮರೆವು. ಅವನ ತಂದೆಗೂ ಹೀಗೆಯೇ ಆಗಿತ್ತೆಂದು, ತಾತನಿಗೂ ಹೀಗೆಯೇ ಆಗಿತ್ತೆಂದು ಮನೆಯವರು ಹೇಳಿದರು. ಲೊಪೇರಾ ಅದೇ ಸೀಮೆಯಲ್ಲಿ ಬೆಳೆದವರು. ಅವರು ಚೀಟಿ ಬರೆದುಕೊಟ್ಟು ಸುಮ್ಮನಾಗಬಹುದಾಗಿತ್ತು. ಹಾಗೆ ಮಾಡದೆ, ಆ ಮನೆಯ ಬಾಗಿಲಿಗೆ ಹೋದರು. ಮುಂದೆ ಬಹುಪಾಲು ನಲವತ್ತು ವರ್ಷ ಆ ಬಾಗಿಲುಗಳಿಗೆ ಹೋಗುತ್ತಲೇ ಇದ್ದರು. ಅವರೂ ಅವರ ಜೊತೆಯ ದಾದಿಯೂ ಮನೆಮನೆ ಅಲೆದು, ಇಗರ್ಜಿಗಳಲ್ಲಿ ಇಟ್ಟಿದ್ದ ಜನನ ಮರಣಗಳ ಹಳೆಯ ಪುಸ್ತಕಗಳನ್ನು ತೆರೆದು, ವಂಶವೃಕ್ಷ ಬರೆದರು. ಅದು ಕೊಲಂಬಿಯಾದಲ್ಲಿ ಗೆರಿಲ್ಲಾಗಳೂ ಮಾದಕವಸ್ತುವಿನ ದೊರೆಗಳೂ ಒಬ್ಬರಿಗೊಬ್ಬರು ಗುಂಡು ಹಾರಿಸುತ್ತಿದ್ದ ಕಾಲ. ರಕ್ತದ ಮಾದರಿ ತರಲು ಹೋದ ಆ ದಾದಿಯನ್ನು ಗೆರಿಲ್ಲಾಗಳು ಕೆಲವು ದಿನ ಹಿಡಿದಿಟ್ಟುಕೊಂಡದ್ದೂ ಉಂಟು. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಮನೆತನಗಳೆಂದು ತೋರುತ್ತಿದ್ದವು ಹಿಂದಕ್ಕೆ ಹಿಂದಕ್ಕೆ ಹೋದಂತೆ ಒಂದೇ ಬೇರಿಗೆ ಸೇರಿದವು. ಇಂದು ಲೆಕ್ಕಕ್ಕೆ ಸಿಕ್ಕಿರುವ ಬಂಧುಬಳಗ ಸುಮಾರು 6,000 ಜನ; ಅವರಲ್ಲಿ ಸುಮಾರು 1,200 ಮಂದಿಗೆ ಈ ದಾಯಭಾಗ ಬಂದಿದೆ.

ದಾಯಭಾಗ ಎಂದದ್ದು ಬರಿಯ ಅಲಂಕಾರಕ್ಕಲ್ಲ. 1995ರಲ್ಲಿ ವಿಜ್ಞಾನಿಗಳು ಹದಿನಾಲ್ಕನೆಯ ವರ್ಣತಂತುವಿನ ಮೇಲೆ ಪ್ರಿಸೆನಿಲಿನ್ ಎಂಬ ಒಂದು ಜೀನನ್ನು ಕಂಡುಹಿಡಿದರು. ಆ ಜೀನು ಕಟ್ಟಿಕೊಡುವ ಪ್ರೋಟೀನಿನ 280ನೆಯ ಸ್ಥಾನದಲ್ಲಿ ಇರಬೇಕಾದ ಗ್ಲುಟಾಮಿಕ್ ಆಮ್ಲದ ಬದಲು ಈ ಕುಟುಂಬದವರಲ್ಲಿ ಅಲನೀನ್ ಇದೆ. ಒಂದೇ ಒಂದು ಅಕ್ಷರದ ತಪ್ಪು ಎನ್ನೋಣ. ಈ ಪ್ರೋಟೀನಿನ ಕೆಲಸ, ಮಿದುಳಿನ ಜೀವಕೋಶದ ಹೊದಿಕೆಯಲ್ಲಿರುವ ಮತ್ತೊಂದು ಪ್ರೋಟೀನನ್ನು ಕತ್ತರಿಸುವುದು. ಕತ್ತರಿ ಓರೆಯಾಗಿ ಬಿದ್ದರೆ ತುಂಡುಗಳು ಅಂಟಂಟಾಗಿ, ಒಂದಕ್ಕೊಂದು ಕಚ್ಚಿಕೊಂಡು ಗಂಟುಕಟ್ಟುತ್ತವೆ. ಅಮಿಲಾಯ್ಡ್ ಎಂಬುದು ಈ ಗಸಿಯ ಹೆಸರು. ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್ 1906ರಲ್ಲಿ, ಐವತ್ತರ ಹರೆಯದಲ್ಲೇ ಬುದ್ಧಿ ಕಳೆದುಕೊಂಡು ಸತ್ತ ಹೆಂಗಸೊಬ್ಬಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಕಂಡದ್ದು ಇದೇ ಗಸಿ. ಅವನ ಹೆಸರೇ ರೋಗಕ್ಕೆ ನಿಂತಿತು.

ಇಲ್ಲಿ ಒಂದು ಮಾತನ್ನು ವಾಚಕರಿಗೆ ಸ್ಪಷ್ಟವಾಗಿ ಹೇಳಿಬಿಡಬೇಕು; ಇಲ್ಲದಿದ್ದರೆ ಮರೆವಿನ ತಂದೆತಾಯಿಯುಳ್ಳವರೆಲ್ಲ ಸುಮ್ಮನೆ ಹೆದರಿಯಾರು. ಆಲ್‌ಝೈಮರ್ ರೋಗ ಬಂದವರಲ್ಲಿ ನೂರಕ್ಕೆ ಒಬ್ಬರಿಗೂ ಅದು ಹೀಗೆ ನೇರವಾಗಿ ವಂಶದಿಂದ ಇಳಿದು ಬಂದದ್ದಲ್ಲ. ಮಿಕ್ಕವರದು ವಯಸ್ಸು, ರಕ್ತನಾಳ, ಬದುಕಿನ ರೀತಿ, ಅಲ್ಪಸ್ವಲ್ಪ ಪ್ರಭಾವ ಬೀರುವ ಹತ್ತಾರು ಜೀನುಗಳು ಎಲ್ಲ ಕೂಡಿ ಆದದ್ದು. ವಂಶದ ರೋಗದಲ್ಲಿ ಮಾತ್ರ ಲೆಕ್ಕ ನಿಷ್ಠುರವಾಗಿದೆ. ತಂದೆಗೋ ತಾಯಿಗೋ ಆ ಜೀನು ಇದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವುದು ಅಥವಾ ಬಾರದಿರುವುದು ಸರಿಸಮ. ನಾಣ್ಯ ಚಿಮ್ಮಿದ ಹಾಗೆ. ಬಂದರೆ ಆಂಟಿಯೋಕಿಯಾದ ಕುಟುಂಬದಲ್ಲಿ ಸರಾಸರಿ ನಲವತ್ತನಾಲ್ಕಕ್ಕೆ ಮರೆವು ಮೊದಲಾಗಿ ನಲವತ್ತೊಂಬತ್ತಕ್ಕೆ ಬುದ್ಧಿನಾಶ ಪೂರ್ತಿಯಾಗುತ್ತದೆ. ಪ್ರಕೃತಿಯ ಕಪಟವನ್ನು ನೋಡಿ: ರೋಗ ಕಾಣಿಸಿಕೊಳ್ಳುವ ಹೊತ್ತಿಗೆ ಮದುವೆಯಾಗಿರುತ್ತದೆ, ಮಕ್ಕಳು ಹುಟ್ಟಿರುತ್ತವೆ, ನಾಣ್ಯ ಆಗಲೇ ಚಿಮ್ಮಿ ಆಗಿರುತ್ತದೆ.

ಅಂತೂ 1995ರಿಂದ ಈಚೆಗೆ, ಈ ಕುಟುಂಬದ ಇಪ್ಪತ್ತು ವರ್ಷದ ಹುಡುಗನ ಬೆರಳ ತುದಿಯ ರಕ್ತದಲ್ಲಿ ಅವನ ಐವತ್ತನೆಯ ವರ್ಷವನ್ನು ಓದಬಹುದಾಯಿತು. ಜ್ಯೋತಿಷಿಯ ಲೆಕ್ಕ ತಪ್ಪಬಹುದು. ಇದು ತಪ್ಪುವುದಿಲ್ಲ, ಅಥವಾ ತಪ್ಪುವುದಿಲ್ಲವೆಂದೇ ಆಗ ಎಲ್ಲರೂ ತಿಳಿದಿದ್ದರು. ರಾಯರಿಗೆ ನಾನು ಹೇಳಿದ ಆ 'ಒಂದು ವೇಳೆ ನಿಜವೇ ಆಗಿದ್ದರೆ' ಎಂಬ ಮಾತು ಇಲ್ಲಿ ನಿಜವೇ ಆಗಿ ಎದುರಿಗೆ ನಿಂತಿತು. ಆ ಹುಡುಗ ಹಾಳೆಯನ್ನು ಬಿಡಿಸಬೇಕೆ?

ಬಿಡಿಸಲೇಬೇಕೆಂದು ವಾದಿಸುವವರಿಗೆ ಪರೀಕ್ಷಿದ್ರಾಜನ ಕಥೆ ಸುಲಭವಾಗಿ ಒದಗುತ್ತದೆ. ಏಳು ದಿನಗಳಲ್ಲಿ ತಕ್ಷಕನಿಂದ ಸಾವೆಂದು ಅವನಿಗೆ ತಿಳಿಯಿತು. ತಿಳಿದದ್ದರಿಂದಲೇ ಗಂಗೆಯ ತೀರದಲ್ಲಿ ಕುಳಿತು ಶುಕಮುನಿಯ ಬಾಯಿಂದ ಭಾಗವತ ಕೇಳಿದ. ತಿಳಿಯದೆ ಹೋಗಿದ್ದರೆ ಆ ಏಳು ದಿನಗಳೂ ಬೇಟೆಯಲ್ಲಿಯೋ ಊಟದಲ್ಲಿಯೋ ಕಳೆದುಹೋಗುತ್ತಿದ್ದವು. ನಾನೂ ಮೊದಲು ಹೀಗೆಯೇ ಯೋಚಿಸಿದೆ. ಆದರೆ ಈ ಹೋಲಿಕೆ ಹೆಚ್ಚು ದೂರ ಬರುವುದಿಲ್ಲ. ಪರೀಕ್ಷಿತನಿಗಿದ್ದದ್ದು ಏಳು ದಿನ. ಈ ಹುಡುಗನಿಗೆ ಇಪ್ಪತ್ತೈದು ವರ್ಷ. ಏಳು ದಿನ ಗಂಗಾತೀರದಲ್ಲಿ ಕೂರಬಹುದು, ಇಪ್ಪತ್ತೈದು ವರ್ಷ ಕೂರಲಾಗುತ್ತದೆಯೆ? ಅವನು ಕೆಲಸಕ್ಕೆ ಹೋಗಬೇಕು, ಪ್ರೀತಿಸಬೇಕು, ಬೀಗದ ಕೈ ಎಲ್ಲಿಟ್ಟೆನೆಂದು ಮರೆತ ದಿನ ಬೆವರಬೇಕು. ನಾವು ನೀವು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದರೆ ಹೆಂಡತಿ ಮಕ್ಕಳು ನಗುತ್ತಾರೆ. ಅವನ ಮನೆಯಲ್ಲಿ ಯಾರೂ ನಗುವುದಿಲ್ಲ. ಇನ್ನೊಂದು, ಇದಕ್ಕಿಂತ ದೊಡ್ಡ ಅಂತರ: ಪರೀಕ್ಷಿತ ಕೊನೆಯ ಗಳಿಗೆಯವರೆಗೂ ಪರೀಕ್ಷಿತನೇ ಆಗಿದ್ದ. ಕೇಳಿದ್ದು ಅವನ ಬಳಿಯೇ ಉಳಿಯಿತು. ಇಲ್ಲಿ ಬರುವ ತಕ್ಷಕ ಮೊದಲು ಕಚ್ಚುವುದು ಕೇಳಿದ್ದನ್ನು ಇಟ್ಟುಕೊಳ್ಳುವ ಆ ಪಾತ್ರೆಯನ್ನೇ.

ತಿಳಿಯಬಹುದಾದಾಗ ಜನ ನಿಜವಾಗಿ ಏನು ಮಾಡುತ್ತಾರೆ ಎಂಬುದನ್ನೂ ನೋಡಬೇಕು. ಹಂಟಿಂಗ್‌ಟನ್ ರೋಗವೆಂಬ ಇನ್ನೊಂದು ವಂಶದ ವ್ಯಾಧಿ ಉಂಟು. ಅದರಲ್ಲಿಯೂ ಇದೇ ನಾಣ್ಯದ ಲೆಕ್ಕ, ಅದಕ್ಕೂ ಗುಣಪಡಿಸುವ ಮದ್ದಿಲ್ಲ. ಅದರ ಜೀನು 1993ರಲ್ಲಿ ಸಿಕ್ಕಿತು. ಪರೀಕ್ಷೆ ಬರಲಿ, ಸಾಲುಗಟ್ಟಿ ನಿಲ್ಲುತ್ತೇವೆ ಎಂದು ಮೊದಲು ಹೇಳಿದ್ದವರೆಷ್ಟೋ ಮಂದಿ. ಪರೀಕ್ಷೆ ಬಂದಮೇಲೆ ಮುಂದೆ ಬಂದವರು ಹತ್ತರಲ್ಲಿ ಒಬ್ಬಿಬ್ಬರು. ಆ ಜೀನಿನ ಶೋಧಕ್ಕಾಗಿ ವೆನಿಜುವೆಲಾದ ಮಾರಕೈಬೊ ಸರೋವರದ ತೀರದಲ್ಲಿ ವರ್ಷಗಟ್ಟಲೆ ದುಡಿದ ನ್ಯಾನ್ಸಿ ವೆಕ್ಸ್ಲರ್ ಅವರ ತಾಯಿಯೇ ಆ ರೋಗದಿಂದ ಸತ್ತವರು. ಲೋಕಕ್ಕೆಲ್ಲ ಪರೀಕ್ಷೆಯನ್ನು ಒದಗಿಸಿಕೊಟ್ಟ ಆಕೆ ತಾನೇನು ಮಾಡಿದೆನೆಂಬುದನ್ನು ಬಹುಕಾಲ ಯಾರಿಗೂ ಹೇಳಲಿಲ್ಲ. ತನಗೂ ಆ ರೋಗವಿದೆಯೆಂದು 2020ರಲ್ಲಿ ಬಹಿರಂಗವಾಗಿ ತಿಳಿಸಿದರು. ಇಂಗ್ಲೆಂಡಿನಲ್ಲಿ ಕ್ಯಾರಲ್ ಜೆನಿಂಗ್ಸ್ ಎಂಬ ಶಾಲಾ ಉಪಾಧ್ಯಾಯಿನಿ ಇದ್ದರು. ತಂದೆಗೂ ಅವರ ಒಡಹುಟ್ಟಿದವರಿಗೂ ಚಿಕ್ಕ ವಯಸ್ಸಿನಲ್ಲೇ ಆಲ್‌ಝೈಮರ್ ಬಂದದ್ದನ್ನು ಕಂಡು, ಇದು ವಂಶದ್ದಿರಬಹುದೆಂದು ಊಹಿಸಿ 1980ರ ದಶಕದಲ್ಲಿ ಲಂಡನ್ನಿನ ಸಂಶೋಧಕರಿಗೆ ತಾವಾಗಿಯೇ ಪತ್ರ ಬರೆದವರು. ಆ ಪತ್ರದ ದಾರಿಯಲ್ಲಿ ಹೊರಟ ಸಂಶೋಧಕರಿಗೆ 1991ರಲ್ಲಿ ಈ ರೋಗದ ಮೊಟ್ಟಮೊದಲ ಜೀನು ಸಿಕ್ಕಿತು. ಅಷ್ಟು ಮಾಡಿದ ಆಕೆ ತಮ್ಮ ಸ್ವಂತದ ಫಲಿತಾಂಶವನ್ನು ಮಾತ್ರ ತಿಳಿಯಲೊಲ್ಲೆನೆಂದರು. ಮುಂದೆ ಐವತ್ತರ ಪ್ರಾಯದಲ್ಲಿ ರೋಗ ಬಂದೇ ಬಂತು, 2024ರಲ್ಲಿ ತೀರಿಕೊಂಡರು.

ಈ ಇಬ್ಬರನ್ನೂ ಹೇಡಿಗಳೆಂದು ಕರೆಯುವ ಧೈರ್ಯ ನನಗಿಲ್ಲ. ಸತ್ಯಕ್ಕೆ ಹೆದರಿದವರಾಗಿದ್ದರೆ ಅವರು ಆ ಸತ್ಯವನ್ನು ಹುಡುಕುವುದಕ್ಕೆ ಹೊರಡುತ್ತಲೇ ಇರಲಿಲ್ಲ. ರೋಗದ ಸತ್ಯ ಬೇರೆ, ನನ್ನ ಸತ್ಯ ಬೇರೆ ಎಂಬ ಒಂದು ಭೇದವನ್ನು ಅವರು ಕಂಡಿದ್ದರೆಂದು ತೋರುತ್ತದೆ. ಮೊದಲನೆಯದು ಎಲ್ಲರದು, ಅದನ್ನು ಬಚ್ಚಿಡಲು ಯಾರಿಗೂ ಹಕ್ಕಿಲ್ಲ. ಎರಡನೆಯದನ್ನು ಯಾವಾಗ ಕೇಳಬೇಕು, ಯಾರ ಬಾಯಿಂದ ಕೇಳಬೇಕು, ಕೇಳಲೇಬೇಕೆ ಎಂಬುದನ್ನು ನಿರ್ಧರಿಸಬೇಕಾದವನು ಅದನ್ನು ಹೊತ್ತು ನಡೆಯಬೇಕಾದವನು.

ಆದರೆ 'ನನ್ನ ಸತ್ಯ' ಎಂದು ಹೇಳಿ ಮುಗಿಸುವಂತೆಯೂ ಇಲ್ಲ. ಇಪ್ಪತ್ತೈದರ ಮೊಮ್ಮಗಳು ತಿಳಿಯಬೇಕೆಂದು ಪರೀಕ್ಷೆ ಮಾಡಿಸಿಕೊಳ್ಳುತ್ತಾಳೆ ಎನ್ನಿ. ಅಜ್ಜಿ ಇದೇ ರೋಗದಿಂದ ಸತ್ತವಳು. ನಲವತ್ತೆರಡರ ತಾಯಿ ಮಾತ್ರ ತನಗೆ ಗೊತ್ತಾಗುವುದೇ ಬೇಡ ಎಂದಿದ್ದಾಳೆ. ಮಗಳಲ್ಲಿ ಆ ಜೀನು ಇದೆಯೆಂದಾದರೆ ಅದು ತಾಯಿಯ ಮೂಲಕವಲ್ಲದೆ ಬರಲು ಬೇರೆ ದಾರಿಯಿಲ್ಲ. ಮಗಳ ಹಾಳೆ ಬಿಡಿಸಿದರೆ ತಾಯಿಯ ಹಾಳೆಯೂ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಗಳು ಆಸ್ಪತ್ರೆಯಿಂದ ಬಂದು ಏನೂ ಹೇಳದೆ ಅಡಿಗೆಮನೆಗೆ ಹೋದರೂ, ಅವಳು ಏನೂ ಹೇಳಲಿಲ್ಲವೆಂಬುದೇ ತಾಯಿಗೆ ಸಾಕು. ಒಬ್ಬರ ತಿಳಿಯುವ ಹಕ್ಕು ಮತ್ತೊಬ್ಬರ ತಿಳಿಯದಿರುವ ಹಕ್ಕನ್ನು ಮುರಿಯುವ ಈ ಸಂದರ್ಭದಲ್ಲಿ ನ್ಯಾಯ ಹೇಳಬಲ್ಲವರನ್ನು ನಾನು ಕಾಣೆ. ಕೊನೆಗೆ ಮಗಳ ಕಡೆಗೇ ನಾನು ವಾಲುತ್ತೇನೆ. ಬದುಕು ಇನ್ನೂ ಮುಂದಿರುವವಳು ಅವಳು. ಹಾಗೆ ವಾಲುವಾಗ ತಾಯಿಗೆ ಅನ್ಯಾಯವಾಯಿತೆಂಬ ಅರಿವು ಮಾತ್ರ ಹೋಗುವುದಿಲ್ಲ.

ಈ ವಿಷಯದಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದ್ದು ಆಂಟಿಯೋಕಿಯಾದಲ್ಲಿ 2013ರಲ್ಲಿ ಆರಂಭವಾದ ಔಷಧ ಪ್ರಯೋಗ. ಕ್ರೆನೆಝುಮಾಬ್ ಎಂಬ ಮದ್ದು ಅಮಿಲಾಯ್ಡ್ ಗಸಿಯನ್ನು ಹಿಡಿದು ಹಾಕುವಂಥದು. ರೋಗ ತಲೆದೋರಿದ ಮೇಲೆ ಮದ್ದು ಕೊಟ್ಟರೆ ಹೊತ್ತು ಮೀರಿರುತ್ತದೆ, ಮುಂಚೆಯೇ ಕೊಟ್ಟರೆ ತಡೆಯಬಹುದೇನೋ ಎಂಬುದು ಪ್ರಯೋಗದ ಹಿಂದಿನ ಆಸೆ. ಯಾರಿಗೆ ಖಂಡಿತವಾಗಿ ರೋಗ ಬರುವುದೋ, ಯಾವ ವಯಸ್ಸಿಗೆ ಬರುವುದೋ ಗೊತ್ತಿರುವ ಇಂಥ ಕುಟುಂಬ ಇದ್ದರೆ ಮಾತ್ರ ಆ ಆಸೆಯನ್ನು ಒರೆಗೆ ಹಚ್ಚಲು ಸಾಧ್ಯ. 252 ಮಂದಿ ಸೇರಿದರು. ಎಲ್ಲರೂ ಆಗ ಆರೋಗ್ಯವಾಗಿದ್ದವರು. ಯಾರಲ್ಲಿ ಜೀನು ಇದೆ, ಯಾರಲ್ಲಿ ಇಲ್ಲ ಎಂಬುದು ಸಂಶೋಧನೆಯ ಕಡತದಲ್ಲಿತ್ತು. ಅವರಿಗೆ ತಿಳಿಸಿರಲಿಲ್ಲ.

ಇಲ್ಲೊಂದು ತೊಡಕು ಬಂತು. ಜೀನು ಉಳ್ಳವರನ್ನು ಮಾತ್ರ ಪ್ರಯೋಗಕ್ಕೆ ಕರೆದರೆ, ಕರೆ ಬಂದದ್ದೇ ತೀರ್ಪಾಗುತ್ತದೆ. 'ನನ್ನನ್ನು ಕರೆದರು, ಅಣ್ಣನನ್ನು ಕರೆಯಲಿಲ್ಲ' ಎಂದರೆ ಸಾಕು, ಇಬ್ಬರಿಗೂ ಗೊತ್ತಾಯಿತು. ಆದ್ದರಿಂದ ಜೀನು ಇಲ್ಲದವರನ್ನೂ ಸೇರಿಸಿಕೊಂಡರು. ಸೇರಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಅಂಥವರು. ಜೀನು ಉಳ್ಳವರಲ್ಲಿ ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಮದ್ದಿನಂತೆ ಕಾಣುವ ಬರಿಯ ದ್ರವ. ಜೀನು ಇಲ್ಲದವರಿಗೆಲ್ಲ ಬರಿಯ ದ್ರವವೇ. ಸೂಜಿ ಚುಚ್ಚುವ ದಾದಿಗೂ ಯಾರಿಗೆ ಏನೆಂದು ತಿಳಿಯದು. ಹೀಗೆ ಐದರಿಂದ ಎಂಟು ವರ್ಷ.

ಇದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂತು. ಆರೋಗ್ಯವಂತನಾದ ಒಬ್ಬ ಮನುಷ್ಯ, ರೋಗ ಬರುವ ಭಯವೇ ಇಲ್ಲದವನು, ತನಗೆ ಭಯವಿಲ್ಲವೆಂಬುದನ್ನು ಅರಿಯದೆ, ವರ್ಷಗಟ್ಟಲೆ ಬೆಟ್ಟ ಇಳಿದು ಬಂದು ತೋಳೊಡ್ಡಿ ಏನೂ ಇಲ್ಲದ ಸೂಜಿ ಚುಚ್ಚಿಸಿಕೊಳ್ಳುವುದೆಂದರೇನು? 'ನಿನಗೇನೂ ಇಲ್ಲವಪ್ಪ, ಮನೆಗೆ ಹೋಗು' ಎಂದು ಹೇಳಿದ್ದರೆ ಅವನ ಎಷ್ಟು ರಾತ್ರಿಗಳ ನಿದ್ರೆ ಉಳಿಯುತ್ತಿತ್ತು! ಎರಡನೆಯ ಸಲ ಓದಿದಾಗ ಬೇರೊಂದು ಕಂಡಿತು. ಅವನು ಬಂದು ಕೂರುವುದರಿಂದಲೇ ಪಕ್ಕದ ಕುರ್ಚಿಯಲ್ಲಿ ಕೂತಿರುವ ಅವನ ತಮ್ಮನ ಗುಟ್ಟು ಉಳಿಯುತ್ತಿದೆ. ತಮ್ಮನ ಮೇಲೆ ಅಣ್ಣ ಕೊಡೆ ಹಿಡಿದಿದ್ದಾನೆ. ಹಿಡಿದಿರುವುದು ಅವನಿಗೇ ಗೊತ್ತಿಲ್ಲ. ಪ್ರಯೋಗದ ನಿಯಮವೇನೆಂದು ಎಲ್ಲರಿಗೂ ಮೊದಲೇ ವಿವರಿಸಿ ಒಪ್ಪಿಗೆ ಪಡೆದಿದ್ದರು. ಆದ್ದರಿಂದ ತಾನು ಆ ಅಣ್ಣನಾಗಿರಬಹುದು, ಆ ತಮ್ಮನಾಗಿರಬಹುದು ಎಂಬಷ್ಟು ಪ್ರತಿಯೊಬ್ಬನಿಗೂ ತಿಳಿದಿತ್ತು. ತಿಳಿದೂ ಬಂದರು. ಅವರಲ್ಲಿ ಬಹುಪಾಲು ಜನ ಕೊನೆಯವರೆಗೂ ಬಿಡದೆ ಬಂದರು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಬಹಳ ಸುಂದರವಾಗಿ ಕಾಣುತ್ತದೆ. ಸುಂದರವಾಗಿ ಕಂಡಾಗಲೇ ನಾವು ಎಚ್ಚರವಾಗಿರಬೇಕು. ಆ ಮೌನಕ್ಕೆ ಇನ್ನೊಂದು ಮುಖವಿದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 2008ರಿಂದ ನಡೆದಿರುವ ಇಂಥದೇ ಅಧ್ಯಯನದಲ್ಲಿ ತಿಳಿಯಲೊಲ್ಲೆನೆಂದವರಿಗೆ ತಿಳಿಸುವುದಿಲ್ಲ. ತಿಳಿಯಬೇಕೆಂದವರನ್ನು ಕೂರಿಸಿಕೊಂಡು, ಪಳಗಿದ ಸಲಹೆಗಾರರು ಮೊದಲು ಮಾತಾಡಿ, ಪರೀಕ್ಷಿಸಿ, ಫಲಿತಾಂಶ ಹೇಳಿ, ಆಮೇಲೂ ಕೈಬಿಡದೆ ನೋಡಿಕೊಳ್ಳುವ ಏರ್ಪಾಡಿದೆ. ಆಂಟಿಯೋಕಿಯಾದ ಹಳ್ಳಿಯವರಿಗೆ ಬಹುಕಾಲ ಆ ಎರಡನೆಯ ಬಾಗಿಲು ಇರಲಿಲ್ಲ. ಇಪ್ಪತ್ತು ವರ್ಷ ಅವರ ರಕ್ತದ ಲೆಕ್ಕ ಕಡತದಲ್ಲಿ ಕುಳಿತಿತ್ತು. ಅಷ್ಟರಲ್ಲಿ ಅವರು ಮದುವೆಯಾದರು, ಮಕ್ಕಳನ್ನು ಪಡೆದರು, ಸಾಲ ತೆಗೆದು ಮನೆ ಕಟ್ಟಿದರು. ಅವರಲ್ಲಿ ತಿಳಿಯಬೇಕೆಂದು ಬಯಸಿದವರೂ ಇದ್ದರು. ಹೇಳಿದರೆ ಆತ್ಮಹತ್ಯೆ ಮಾಡಿಕೊಂಡಾರು, ಸಲಹೆ ಕೊಡಬಲ್ಲವರು ಸಾಕಷ್ಟು ಇಲ್ಲ, ಮದ್ದೇ ಇಲ್ಲದಿರುವಾಗ ಹೇಳಿ ಪ್ರಯೋಜನವೇನು ಎಂಬ ಸಮಾಧಾನಗಳು ಅವರಿಗೆ ಸಿಕ್ಕವು. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೂ ಕೇಳುತ್ತೇನೆ: ತಿಳಿಯುವ ದಾರಿಯೇ ಇಲ್ಲದವನಿಗೆ ತಿಳಿಯದಿರುವುದು ಹಕ್ಕು ಹೇಗಾದೀತು? ಕ್ಯಾರಲ್ ಜೆನಿಂಗ್ಸ್ ಬೇಡವೆಂದದ್ದು, ಬೇಕೆಂದಿದ್ದರೆ ಸಿಗುತ್ತಿದ್ದುದನ್ನು. ಊಟವಿದ್ದು ಉಪವಾಸ ಮಾಡುವವನದು ವ್ರತ. ಊಟವಿಲ್ಲದವನನ್ನು ವ್ರತಸ್ಥನೆಂದು ಹೊಗಳುವುದು ನಮ್ಮಂಥ ಉಂಡವರಿಗೆ ಅನುಕೂಲವಾದ ಮಾತು.

ಲೊಪೇರಾ ಅವರ ಮೇಲೆ ಇದನ್ನು ದೋಷಾರೋಪಣೆಯಾಗಿ ನಾನು ಹೇಳುತ್ತಿಲ್ಲ. ಆ ಮನುಷ್ಯ ತಮ್ಮ ಜನರನ್ನು ಬಿಟ್ಟು ಹೋಗಲಿಲ್ಲ. ಸತ್ತವರ ಮನೆಗೆ ಹೋಗಿ, ಬಂಧುಗಳ ಜೊತೆ ದುಃಖದಲ್ಲಿ ಕುಳಿತು, ಮಿದುಳನ್ನು ದಾನವಾಗಿ ಕೇಳುತ್ತಿದ್ದರು. ಅದು ಕೆಲವೇ ಗಂಟೆಗಳಲ್ಲಿ ಮೆಡೆಯೀನಿನ ಪ್ರಯೋಗಾಲಯ ಸೇರಬೇಕು. ಹೀಗೆ ನೂರಾರು ಮಿದುಳುಗಳು ಅಲ್ಲಿ ಸಂಗ್ರಹವಾಗಿವೆ. ಹತ್ತಾರು ವರ್ಷ ತನ್ನನ್ನು ತಾನೇ ಮರೆತಿದ್ದ ಅಪ್ಪನ ತಲೆಯನ್ನು ತೆರೆಯಲು ಒಪ್ಪಿದ ಆ ಮಕ್ಕಳಿಗೆ ಪ್ರತಿಯಾಗಿ ಏನು ಸಲ್ಲಬೇಕು? ಹಣವೆ? ಸಿದ್ಧವಾಗುವ ಮದ್ದು ಎಲ್ಲರಿಗಿಂತ ಮೊದಲು ಅವರಿಗೆ ಸಿಗುವುದೆಂಬ ಮಾತೆ? ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸಹಾಯವೆ? ಈ ಲೆಕ್ಕವನ್ನು ವಿಜ್ಞಾನದ ಪತ್ರಿಕೆಗಳು ಬರೆಯುವುದಿಲ್ಲ.

ಮಕ್ಕಳ ಮಾತು ಬಂತು. 2002ರಲ್ಲಿ ಅಮೆರಿಕದ ಷಿಕಾಗೊ ನಗರದ ವೈದ್ಯರು ಒಂದು ವರದಿ ಪ್ರಕಟಿಸಿದರು. ಇಂಥದೇ ಒಂದು ಜೀನು ಇದ್ದ ಮೂವತ್ತು ವರ್ಷದ ಹೆಂಗಸು ತನ್ನ ಭ್ರೂಣಗಳನ್ನು ಹೊರಗೆ ಪರೀಕ್ಷಿಸಿ, ಜೀನು ಇಲ್ಲದ್ದನ್ನು ಮಾತ್ರ ಗರ್ಭದಲ್ಲಿ ಇರಿಸಿಕೊಂಡು ಹೆಣ್ಣುಮಗುವನ್ನು ಪಡೆದಳು. ಆಕೆಯ ಅಕ್ಕನಿಗೋ ತಂಗಿಗೋ ಮೂವತ್ತೆಂಟಕ್ಕೇ ರೋಗ ಕಾಣಿಸಿತ್ತು. ಮಗು ಪಾರಾಯಿತು, ತಾಯಿ ಪಾರಾಗುವಂತಿರಲಿಲ್ಲ. ನೀತಿಶಾಸ್ತ್ರಜ್ಞರಲ್ಲಿ ಗದ್ದಲವೆದ್ದಿತು. ಇನ್ನು ಕೆಲವು ವರ್ಷಕ್ಕೆ ಮಗಳ ಗುರುತನ್ನೇ ಮರೆಯಲಿರುವವಳು ಹೆರುವುದು ನ್ಯಾಯವೆ ಎಂದು ಕೇಳಿದರು. ಪ್ರಶ್ನೆ ಸುಳ್ಳಲ್ಲ. ಆದರೆ ಕೇಳಿದವರ ದನಿ ನನಗೆ ಹಿಡಿಸಲಿಲ್ಲ. ಹಡಗಿನ ನಾವಿಕನನ್ನು, ಯುದ್ಧಕ್ಕೆ ಹೊರಟ ಸಿಪಾಯಿಯನ್ನು, ಕ್ಷಯದ ಕಾಲದಲ್ಲಿ ಕೆಮ್ಮುತ್ತ ಮದುವೆಯಾದ ಹಿಂದಿನವರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ತಿಳಿದು ಮಾಡಿದಳೆಂಬ ಒಂದೇ ಕಾರಣಕ್ಕೆ ಅವಳು ಕಟಕಟೆಗೆ ಬಂದಳು. ಆರೋ ಏಳೋ ವರ್ಷ ತಾಯಿಯ ತೊಡೆ ಸಿಕ್ಕ ಮಗು ಹುಟ್ಟದೇ ಇದ್ದಿದ್ದರೆ ಲೇಸಿತ್ತೆಂದು ಆ ಮಗುವಿನ ಮುಖ ನೋಡಿ ಹೇಳಬಲ್ಲವರು ಹೇಳಲಿ.

ಈಗ ಕಥೆಯ ಅತ್ಯಂತ ವಿಚಿತ್ರವಾದ ಭಾಗ. ಈ ಜೀನು ತಪ್ಪುವುದಿಲ್ಲವೆಂದು ಎಲ್ಲರೂ ತಿಳಿದಿದ್ದರೆಂದು ಹಿಂದೆ ಹೇಳಿದೆನಷ್ಟೆ. 2019ರಲ್ಲಿ ಅದೇ ಕುಟುಂಬದ ಒಬ್ಬ ಹೆಂಗಸಿನ ವೃತ್ತಾಂತ ಪ್ರಕಟವಾಯಿತು. ಆಕೆಯಲ್ಲಿ ಆ ಜೀನು ಇತ್ತು. ಮಿದುಳಿನಲ್ಲಿ ಅಮಿಲಾಯ್ಡ್ ಗಸಿ ಬೇಕಾದಷ್ಟಿತ್ತು. ಆದರೂ ನಲವತ್ತನಾಲ್ಕು ಹೋಯಿತು, ಐವತ್ತು ಹೋಯಿತು, ಅರವತ್ತು ಹೋಯಿತು. ಆಕೆಗೆ ಮರೆವು ಸುಳಿದದ್ದು ಎಪ್ಪತ್ತು ದಾಟಿದ ಮೇಲೆ. ಹುಡುಕಿ ನೋಡಿದರೆ ಬೇರೊಂದು ಜೀನಿನಲ್ಲಿ, ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ, ಮತ್ತೊಂದು ಅಕ್ಷರ ಬದಲಾಗಿತ್ತು. ನ್ಯೂಝೀಲೆಂಡಿನ ಕ್ರೈಸ್ಟ್‌ಚರ್ಚ್ ಊರಿನ ಹೆಸರು ಆ ಬದಲಾವಣೆಗಿದೆ. ಒಂದು ತಪ್ಪು ಕೊಟ್ಟ ಶಾಪಕ್ಕೆ ಇನ್ನೊಂದು ತಪ್ಪು ಉಃಶಾಪವಾಗಿ ನಿಂತಿತ್ತು. 2023ರಲ್ಲಿ ರೀಲಿನ್ ಎಂಬ ಬೇರೆಯೇ ಜೀನಿನ ಕೃಪೆಯಿಂದ ಅರವತ್ತೇಳರವರೆಗೆ ಬುದ್ಧಿ ಕೆಡದಿದ್ದ ಒಬ್ಬ ಗಂಡಸಿನ ಸಂಗತಿಯೂ ಹೊರಬಂತು.

ಆ ಹೆಂಗಸಿಗೆ ಮೂವತ್ತನೆಯ ವಯಸ್ಸಿನಲ್ಲಿ ಹಾಳೆ ಬಿಡಿಸಿ ಓದಿ ಹೇಳಿದ್ದರೆಂದು ಊಹಿಸಿಕೊಳ್ಳಿ. ಹೇಳಿದ್ದು ಆ ದಿನದ ವಿಜ್ಞಾನದ ಪ್ರಕಾರ ಸರಿಯಾಗಿಯೇ ಇರುತ್ತಿತ್ತು. ಆಕೆ ನಲವತ್ತು ವರ್ಷ ಪ್ರತಿದಿನವೂ ಬೆಳಗ್ಗೆ ಎದ್ದು ಮಕ್ಕಳ ಹೆಸರುಗಳನ್ನು ತನಗೆ ತಾನೇ ಒಪ್ಪಿಸಿ ನೋಡಿಕೊಳ್ಳುತ್ತಿದ್ದಳು. ಅದು ಬಾರದ ಅತಿಥಿಗಾಗಿ ಬಾಗಿಲಲ್ಲಿ ಕೂತಂತೆ. ಹಾಗೆಂದು, ಅವಳ ಅಪರೂಪದ ಅದೃಷ್ಟವನ್ನು ತೋರಿಸಿ ಮಿಕ್ಕ ಸಾವಿರ ಮಂದಿಗೆ ಏನನ್ನೂ ಹೇಳಬಾರದೆಂದು ವಾದಿಸುವುದೂ ಆಗದು. ಆಕೆಯ ಕಥೆಯಿಂದ ನಾನು ಕಲಿತದ್ದು ಇಷ್ಟೆ: ವಿಜ್ಞಾನಿ 'ಖಂಡಿತ' ಎನ್ನುವಾಗಲೂ, ನಮಗೆ ತಿಳಿದಷ್ಟರಲ್ಲಿ ಎಂಬ ಮಾತು ಅದರ ಹಿಂದೆ ಇರುತ್ತದೆ, ಒಳ್ಳೆಯ ವಿಜ್ಞಾನಿ ಅದನ್ನು ಬಾಯಿಬಿಟ್ಟು ಹೇಳುತ್ತಾನೆ. ಆಕೆ 2020ರಲ್ಲಿ ಬೇರೊಂದು ರೋಗದಿಂದ ತೀರಿಕೊಂಡಳು. ಆಕೆಯ ಮಿದುಳೂ ಸಂಶೋಧನೆಗೆ ದಾನವಾಯಿತು.

2013ರ ಪ್ರಯೋಗದ ಫಲಿತಾಂಶ 2022ರ ಜೂನ್ ತಿಂಗಳಲ್ಲಿ ಬಂತು. ಮದ್ದು ಪಡೆದವರಿಗೂ ಪಡೆಯದವರಿಗೂ ಗಣನೆಗೆ ಬರುವಷ್ಟು ವ್ಯತ್ಯಾಸ ಕಾಣಲಿಲ್ಲ. ಸೇಂಟ್ ಲೂಯಿಸ್‌ನವರ ಪ್ರಯೋಗದಲ್ಲಿ ಬೇರೊಂದು ಮದ್ದನ್ನು ರೋಗಕ್ಕೆ ಮುಂಚೆ ಹಿಡಿದು ಸರಾಸರಿ ಎಂಟು ವರ್ಷ ಪಡೆದ 22 ಮಂದಿಯಲ್ಲಿ ರೋಗ ಬರುವ ಸಂಭವ ಅರ್ಧಕ್ಕಿಳಿದಂತೆ ತೋರುತ್ತದೆಂದು 2025ರಲ್ಲಿ ವರದಿಯಾಗಿದೆ. ಇಪ್ಪತ್ತೆರಡು ಎಂಬುದು ಚಿಕ್ಕ ಸಂಖ್ಯೆ, ಆದರೂ ಕತ್ತಲಲ್ಲಿ ಒಂದು ಮಿಣುಕು. ತಡೆಯುವ ಮದ್ದು ನಿಜವಾಗಿ ಸಿಕ್ಕ ದಿನ ಈ ಲೇಖನದ ಅರ್ಧ ಪ್ರಶ್ನೆಗಳು ತಾವೇ ಬಿದ್ದುಹೋಗುತ್ತವೆ. ಆಗ ಹೇಳದಿರುವುದು ಅಪರಾಧವಾಗುತ್ತದೆ. ಲೊಪೇರಾ ಆ ದಿನವನ್ನು ಕಾಣಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹೋದ ತಿಂಗಳು ರಾಯರ ಮನೆಗೆ ಹೋಗಿದ್ದಾಗ ಇದನ್ನೆಲ್ಲ ಅವರಿಗೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ರೆ ಬಂತೇನೋ ಎಂದುಕೊಂಡೆ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಆ ಸೂಜಿ ಹಾಕುತ್ತಿದ್ದ ದಾದಿ, ಅವಳಿಗೂ ಗೊತ್ತಿರಲಿಲ್ಲ ಅಂದಿರಲ್ಲವೆ, ಯಾರಿಗೆ ಯಾವುದು ಅಂತ?"

"ಇಲ್ಲ, ಗೊತ್ತಿರಲಿಲ್ಲ."

"ಒಳ್ಳೆಯದೇ ಆಯಿತು ಬಿಡಿ. ಗೊತ್ತಿದ್ದರೆ ಕೈ ನಡುಗುತ್ತಿತ್ತು" ಎಂದು ಎದ್ದು, ಒಳಗೆ ಕಾಫಿಗೆ ಹೇಳಲು ಹೋದರು. ಟ್ರಂಕಿನ ಮಾತನ್ನು ನಾನು ಎತ್ತಲಿಲ್ಲ.